ಬಾಲ ಮಾತ್ರ ದಡ ಸೇರಿದ ಕುದುರೆಗಳು

ಸಿರುಗುಪ್ಪದ ಕಡೆಯ ಒಂದು ಶಾಲೆಯ ಮಕ್ಕಳ ಜೊತೆ ಹಂಪಿಗೆ ಹೋಗಿದ್ದೆ. ದಾರಿಯುದ್ದಕ್ಕೂ ನಾಲ್ಕೈದು ಹುಡುಗರು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ವಾಂತಿ ಮಾಡಿಕೊಂಡು ಸುಸ್ತಾಗಿದ್ದರು. ಹಜಾರರಾಮ ಗುಡಿಯ ಹೊರಗೋಡೆಯ ಮುಂದೆ ನಿಂತು, ತಳದ ಸಾಲಿನಲ್ಲಿ ಆನೆ, ಅದರ ಮೇಲಿನ ಸಾಲಿನಲ್ಲಿ ಕುದುರೆ ಅಂತ ತೋರಿಸುತ್ತ, ‘ಇಂಥ ಕುದುರೆಗಳು ಅರಬ್ಬರ ನಾಡಿನಿಂದ ಹಡಗಿನಲ್ಲಿ ಬರುತ್ತಿದ್ದವು’ ಎಂದೆ. ಬಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು ಒದ್ದಾಡಿದ್ದ ಹುಡುಗ ಕೇಳಿದ: ‘ಸರ್, ಕುದುರಿಗೆ ವಾಂತಿ ಆಗಲಿಲ್ಲೇನ್ರೀ?’

ಉಳಿದವರು ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಬಳ್ಳಾರಿಗೆ ಬಂದ ಮೇಲೆ ಪಶುವೈದ್ಯ ಗೆಳೆಯರೊಬ್ಬರನ್ನು ಕೇಳಿದೆ. ಕುದುರೆಗೆ ವಾಂತಿ ಮಾಡಲು ಬರುವುದೇ ಇಲ್ಲವಂತೆ. ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿ ಇರುವ ಸ್ನಾಯು ಒಳಕ್ಕೆ ಮಾತ್ರ ದಾರಿ ಬಿಡುತ್ತದೆ, ಹೊರಕ್ಕೆ ಬಿಡುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ ಮನುಷ್ಯನಂತೆ ಕಕ್ಕಿ ಹಗುರಾಗುವ ಭಾಗ್ಯ ಅದಕ್ಕಿಲ್ಲ. ಒಮ್ಮೊಮ್ಮೆ ಜೀವಕ್ಕೇ ಬರುತ್ತದೆ. ಹುಡುಗನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ನಾವು ಮಕ್ಕಳಿಗೆ ಹೇಳುವ ಇತಿಹಾಸದಲ್ಲಿ ರಾಜ ಕುದುರೆ ತರಿಸಿದ, ಸೈನ್ಯ ಬಲವಾಯಿತು, ಯುದ್ಧ ಗೆದ್ದ. ತರಿಸುವುದಕ್ಕೂ ಗೆಲ್ಲುವುದಕ್ಕೂ ನಡುವೆ ಒಂದು ಸಮುದ್ರ ಇತ್ತು, ಆ ಸಮುದ್ರದ ಮೇಲೆ ಕುದುರೆಗೆ ಏನಾಯಿತು ಎಂಬುದು ಪಾಠದಲ್ಲಿ ಇಲ್ಲ. ಅದು ಇರಬೇಕೇ? ಇರಬೇಕು, ಸಾವು ಸಮೇತ ಇರಬೇಕು ಎಂಬುದು ನನ್ನ ವಾದ.

ಮೊದಲು ಎದ್ದೇಳುವ ತಕರಾರು ನಮ್ಮವರದೇ. ಬಳ್ಳಾರಿಗೂ ಸಮುದ್ರಕ್ಕೂ ಏನು ಸಂಬಂಧ? ಇಲ್ಲಿಂದ ಹೊನ್ನಾವರದ ದಡ ಮುನ್ನೂರು ಕಿಲೋಮೀಟರಿಗೂ ದೂರ. ಹಡಗಿನ ಕಥೆ ಕರಾವಳಿಯ ಮಕ್ಕಳಿಗೆ ಇರಲಿ, ನಮ್ಮ ಮಕ್ಕಳಿಗೆ ಎತ್ತು ಸಾಕು ಅನ್ನುವವರಿದ್ದಾರೆ. ಎತ್ತು ನಮ್ಮದೆಂಬುದು ನಿಜವೇ. ಸಂಗನಕಲ್ಲಿನ ಗುಡ್ಡದ ಬಂಡೆಗಳ ಮೇಲೆ ಹೊಸಶಿಲಾಯುಗದ ಜನ ಕುಟ್ಟಿ ಬಿಡಿಸಿದ ಚಿತ್ರಗಳಲ್ಲಿ ಉದ್ದ ಕೋಡಿನ ಗೂಳಿಗಳದೇ ಮೆರವಣಿಗೆ. ಕುಡತಿನಿಯ ಬೂದಿದಿಬ್ಬ ಸಾವಿರಾರು ವರ್ಷಗಳ ಹಿಂದೆ ದನದ ಸಗಣಿ ಸುಟ್ಟು ಸುಟ್ಟು ಎದ್ದದ್ದು. ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ನಿಂತ ಮಗುವಿಗೆ ಈ ನೆಲದ ಪ್ರಾಣಿ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕುದುರೆ ಹಾಗಲ್ಲ. ನಮ್ಮ ಬಿಸಿಲು, ನಮ್ಮ ಹುಲ್ಲು ಅದಕ್ಕೆ ಒಗ್ಗಲಿಲ್ಲ. ನಾಡ ಕುದುರೆಗಳು ಇದ್ದವು, ಯುದ್ಧಕ್ಕೆ ಬೇಕಾದ ಎತ್ತರದ ತಳಿ ಮಾತ್ರ ಹೊರಗಿನಿಂದಲೇ ಬರಬೇಕಿತ್ತು. ಅಂದರೆ ಹಂಪಿಯ ಗೋಡೆಯ ಮೇಲಿನ ಆ ಎರಡನೇ ಸಾಲು ಒಂದರ್ಥದಲ್ಲಿ ಕಡಲಿನ ಪ್ರಾಣಿಗಳ ಸಾಲು. 2021ರಲ್ಲಿ ಹಂಪಿ ವಿಜಯನಗರ ಜಿಲ್ಲೆಗೆ ಹೋಯಿತು. ಅದಕ್ಕೂ ಮುಂಚೆ ಅದು ಬಳ್ಳಾರಿಯದೇ. ಸಮುದ್ರ ಕಾಣದ ಜಿಲ್ಲೆಯೊಂದರ ಕಲ್ಲಿನಲ್ಲಿ ಸಮುದ್ರ ದಾಟಿ ಬಂದವು ಇಷ್ಟೊಂದು ನಿಂತಿರುವಾಗ, ‘ನಮಗೇನು ಸಂಬಂಧ’ ಅನ್ನುವ ಮಾತಿಗೆ ಬಲವಿಲ್ಲ.

ಈ ಪಯಣ ಹೇಗಿತ್ತು? ಹದಿಮೂರನೇ ಶತಮಾನದ ಕೊನೆಯಲ್ಲಿ ಹೊರ್ಮುಜ್ ಬಂದರನ್ನು ಕಂಡ ಮಾರ್ಕೊ ಪೋಲೊ ಅಲ್ಲಿನ ಹಡಗುಗಳಿಗೆ ಬೈದೇ ಬರೆಯುತ್ತಾನೆ. ಕಬ್ಬಿಣದ ಮೊಳೆ ಇಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಮೇಲೆ ಅಟ್ಟವೂ ಇಲ್ಲ. ಸರಕು ತುಂಬಿ, ಅದರ ಮೇಲೆ ತೊಗಲು ಹಾಸಿ, ಆ ತೊಗಲಿನ ಮೇಲೆ ಭಾರತಕ್ಕೆ ಮಾರಲು ಒಯ್ಯುವ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಮಗು ಕಣ್ಣು ಮುಚ್ಚಿ ಇದನ್ನೊಮ್ಮೆ ನೋಡಲಿ: ಕಾಲ ಕೆಳಗೆ ಖರ್ಜೂರದ ಚೀಲವೋ ಏನೋ ಜರುಗುತ್ತಿದೆ, ಮೇಲೆ ನೆರಳಿಲ್ಲ, ಕುಡಿಯುವ ನೀರು ಅಳೆದು ಕೊಡುವುದು, ಗಾಳಿ ಯಾವಾಗ ಬೀಸುತ್ತದೋ ಆಗ ಹೊರಡುವುದು. ಮುಂಗಾರಿನ ಅಬ್ಬರದಲ್ಲಿ ನಮ್ಮ ಪಡುವಣ ಬಂದರುಗಳು ಮುಚ್ಚಿಯೇ ಇರುತ್ತಿದ್ದವು. 1442ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಹೊರ್ಮುಜಿನಲ್ಲಿ ಹಡಗು ಹತ್ತಿದ. ಜೊತೆಯಲ್ಲಿ ಕುದುರೆಗಳೂ ಇದ್ದವು. ಹಡಗಿನ ವಾಸನೆ ಮೂಗಿಗೆ ಬಿದ್ದದ್ದೇ ತಾನು ಪ್ರಜ್ಞೆ ತಪ್ಪಿದೆನೆಂದು, ಮೂರು ದಿನ ಉಸಿರಾಟವೊಂದೇ ಉಳಿದಿತ್ತೆಂದು ಆತ ಬರೆದಿಟ್ಟಿದ್ದಾನೆ. ಕುದುರೆಗಳ ಪಾಡು ಬರೆಯಲು ಕುದುರೆಗಳಲ್ಲಿ ಯಾರಿಗೂ ಲೇಖನಿ ಹಿಡಿಯಲು ಬರುತ್ತಿರಲಿಲ್ಲ.

ಭಟ್ಕಳ, ಹೊನ್ನಾವರ, ಗೋವೆಯಲ್ಲಿ ಇಳಿದ ಮೇಲೆ ಘಟ್ಟ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಓಡಾಡುತ್ತವೆ ಎನ್ನುತ್ತಾನೆ. ಕಡಲಿನ ಕುದುರೆಯೂ ನೆಲದ ಎತ್ತೂ ಸಂಧಿಸುವುದು ಈ ದಾರಿಯಲ್ಲೇ. ಪಾಯಸ್ ತುಂಗಭದ್ರೆಯ ಹರಿಗೋಲುಗಳನ್ನೂ ಬಿಟ್ಟಿಲ್ಲ: ಬುಟ್ಟಿಯಂತೆ ದುಂಡಗೆ, ಒಳಗೆ ಬಿದಿರು, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆ. ಬೇಕಾದರೆ ಕುದುರೆ ಎತ್ತುಗಳನ್ನೂ ಅದರಲ್ಲೇ ದಾಟಿಸುತ್ತಾರೆ, ಹೆಚ್ಚಿನ ಸಲ ಅವು ಈಜಿ ದಾಟುತ್ತವೆ. ನದಿ ದಂಡೆಯ ಸಿರುಗುಪ್ಪದ ಮಕ್ಕಳಿಗೆ ಹರಿಗೋಲು ಹೊಸದಲ್ಲ. ಅದರಲ್ಲೊಂದು ಅರಬ್ಬಿ ಕುದುರೆಯನ್ನು ನಿಲ್ಲಿಸಿ ತೋರಿಸಿದಾಗ ಬಸ್ಸಿನಲ್ಲಿ ಮುದುಡಿದ್ದವರೂ ಕಿವಿ ನಿಮಿರಿಸಿದರು. ‘ಕಾಲು ಜಾಡಿಸಿದ್ರ ಹರಿಗೋಲು ತೂತು ಬೀಳ್ತದಲ್ರೀ!’ ಬಿದ್ದಿರಲೂಬಹುದು. ಲಾಯ ಮುಟ್ಟಿದ ಮೇಲೆ ಅದಕ್ಕೆ ಸಿಕ್ಕ ಮೇವಿನ ಬಗ್ಗೆಯೂ ಪಾಯಸ್ ಬರೆದಿದ್ದಾನೆ: ಈ ಸೀಮೆಯಲ್ಲಿ ಬಾರ್ಲಿ ಇಲ್ಲ, ಕಾಳನ್ನು ಜನ ತಿಂದು ಕುದುರೆಗೂ ಹಾಕುತ್ತಾರೆ. ಮನೆಯಲ್ಲಿ ಹುರುಳಿಕಟ್ಟಿನ ಸಾರು ಉಣ್ಣುವ ಹುಡುಗನಿಗೆ ಇನ್ನು ಬೇರೆ ವಿವರಣೆ ಬೇಕಿಲ್ಲ.

ಈಗ ಬಾಲದ ವಿಷಯ. 1535ರ ಸುಮಾರಿಗೆ ಬರೆದ ಇನ್ನೊಬ್ಬ ಪೋರ್ಚುಗೀಸ ಫೆರ್ನಾವೊ ನೂನಿಜ್, ವಿಜಯನಗರವನ್ನಾಳಿದ ಸಾಳುವ ನರಸಿಂಹನ ಬಗ್ಗೆ ಹೀಗೊಂದು ಸಂಗತಿ ದಾಖಲಿಸಿದ್ದಾನೆ. ಆ ಅರಸ ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದ. ವರ್ತಕರು ಕೇಳಿದ ಬೆಲೆ ಕೊಡುತ್ತಿದ್ದ. ಮೂರಕ್ಕೆ ಸಾವಿರ ಪರ್ದಾವ್, ಅಂದರೆ ನಮ್ಮ ವರಹ. ಬದುಕಿದ್ದರೂ ಅದೇ, ಸತ್ತಿದ್ದರೂ ಅದೇ. ಕಡಲಿನಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕಿತ್ತು. ಇದರ ಲೆಕ್ಕಾಚಾರ ಮಕ್ಕಳಿಗೂ ಅರ್ಥವಾಗುತ್ತದೆ. ಸತ್ತ ಕುದುರೆಯ ನಷ್ಟ ವರ್ತಕನ ತಲೆಗೆ ಬಂದರೆ ಅವನು ಮುಂದಿನ ವರ್ಷ ಬಹಮನಿಗಳ ಬಂದರಿಗೆ ಹೋಗುತ್ತಾನೆ. ನಷ್ಟ ಅರಸನೇ ಹೊತ್ತರೆ ಇಲ್ಲಿಗೇ ಬರುತ್ತಾನೆ. ಇವತ್ತಿನ ಮಾತಿನಲ್ಲಿ ಅದು ವಿಮೆ. ಆದರೆ ಬಾಲಕ್ಕೂ ಪೂರ್ತಿ ಬೆಲೆ ಸಿಗುವುದಾದರೆ ಕುದುರೆಯನ್ನು ಜೀವಂತ ತಲುಪಿಸುವ ಆಸ್ಥೆ ವರ್ತಕನಿಗೆ ಎಷ್ಟಿದ್ದೀತು? ಈ ಪ್ರಶ್ನೆಯನ್ನು ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ನಾನು ಕೇಳಿಸಿದ್ದಲ್ಲ.

ಮಕ್ಕಳ ಪುಸ್ತಕ ಅಚ್ಚು ಹಾಕಿಸುವ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. ‘ಬಾಲ ಕತ್ತರಿಸುವುದು, ಹೆಣ ನೀರಿಗೆ ಎಸೆಯುವುದು, ಇದೆಲ್ಲ ಬೇಕೇ? ಹಡಗಿನ ಬೆಕ್ಕಿನ ಕಥೆ ಬರಿ, ಮಕ್ಕಳು ನಗಲಿ’ ಅಂತಾರೆ. ಬರೆಯಬಹುದು. 1801ರಿಂದ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಜೊತೆ ಆಸ್ಟ್ರೇಲಿಯಾ ಸುತ್ತಿದ ಟ್ರಿಮ್ ಎಂಬ ಬೆಕ್ಕಿನ ಕಥೆ ನನಗೂ ಇಷ್ಟ. ಆದರೆ ಕನ್ನಡದ ಮಕ್ಕಳಿಗೆ ಸಾವು ತಾಳದು ಎಂಬ ಮಾತು ನನಗೆ ವಿಚಿತ್ರವಾಗಿ ಕೇಳುತ್ತದೆ. ನಮ್ಮಲ್ಲಿ ಮಕ್ಕಳು ಮೊದಲು ಕಲಿಯುವ ಕಥನಗೀತೆ ಗೋವಿನ ಹಾಡು. ಅದರ ಕೊನೆಯಲ್ಲಿ ಹುಲಿ ಸಾಯುತ್ತದೆ. ಅಜ್ಜಿಯ ತೊಡೆಯ ಮೇಲೆ ಕೂತು ಅದಕ್ಕೆ ಅತ್ತು, ಮರುದಿನ ಮತ್ತೆ ಹೇಳು ಅಂತ ಹಟ ಹಿಡಿದವರೇ ನಾವೆಲ್ಲ.

ಅವರ ಇನ್ನೊಂದು ಸಲಹೆ ಇನ್ನೂ ಅಪಾಯದ್ದು: ಕುದುರೆಯಿಂದಲೇ ಕಥೆ ಹೇಳಿಸು. ‘ನಾನು ಹೊರ್ಮುಜಿನ ಕುದುರೆ’ ಅಂತ ಶುರು ಮಾಡು. ಪ್ರಾಣಿ ಮಾತಾಡುವುದಕ್ಕೆ ನನ್ನ ವಿರೋಧವಿಲ್ಲ; ದುರ್ಗಸಿಂಹ ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಪಂಚತಂತ್ರ ಬರೆದಿದ್ದಾನೆ. ಅಲ್ಲಿ ನರಿ ಮಾತಾಡುವುದು ಮನುಷ್ಯನ ಬುದ್ಧಿ ಹೇಳಲಿಕ್ಕೆ. ಇತಿಹಾಸದ ಕುದುರೆ ಮಾತಾಡತೊಡಗಿದರೆ ಅದು ‘ರಾಯರ ಸೇವೆ ಮಾಡುವ ಭಾಗ್ಯ ನನ್ನದು’ ಅಂದುಬಿಡುತ್ತದೆ. ನಮಗೆ ಬೇಕಾದ್ದನ್ನೇ ಅದರ ಬಾಯಲ್ಲಿ ಇಡುತ್ತೇವೆ. ಅದರ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ, ಅದು ನಿಂತ ಜಾಗ ಎಂಥದು ಎಂದು ಹೇಳಿದರೆ ಸಾಕು, ಉಳಿದದ್ದನ್ನು ಮಗು ತಾನೇ ಊಹಿಸುತ್ತದೆ.

ಹಂಪಿಯ ವೈಭವದ ದಿನಗಳದೇ ಇನ್ನೊಂದು ಪಯಣ. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವನ್ನು 1515ರ ಜನವರಿಯಲ್ಲಿ ಗೋವೆಯಿಂದ ಹಡಗು ಹತ್ತಿಸಿದರು. ಮೇ ತಿಂಗಳಲ್ಲಿ ಅದು ಲಿಸ್ಬನ್ ಮುಟ್ಟಿತು. ಅದನ್ನು ಕಣ್ಣಾರೆ ಕಾಣದೆಯೇ ಜರ್ಮನಿಯ ಕಲಾವಿದ ಡ್ಯೂರರ್ ರಚಿಸಿದ ಅಚ್ಚಿನ ಚಿತ್ರ ಯುರೋಪನ್ನೆಲ್ಲ ಸುತ್ತಿತು. ಅದೇ ವರ್ಷದ ಕೊನೆಯಲ್ಲಿ ಪೋಪ್‌ಗೆ ಕಾಣಿಕೆಯೆಂದು ಮತ್ತೆ ಹಡಗಿಗೆ ಏರಿಸಿದರು. ಇಟಲಿಯ ತೀರದಲ್ಲಿ ಬಿರುಗಾಳಿಗೆ ಹಡಗು ಮುಳುಗಿತು. ಘೇಂಡಾಮೃಗ ಚೆನ್ನಾಗಿ ಈಜುತ್ತದೆ. ಸರಪಳಿ ಬಿಗಿದಿದ್ದರಿಂದ ಈಜಲಾಗಲಿಲ್ಲ. ಡ್ಯೂರರನ ಚಿತ್ರ ಮಕ್ಕಳ ಪುಸ್ತಕಗಳಲ್ಲಿ ಸಿಗುತ್ತದೆ, ಸರಪಳಿ ಸಿಗುವುದಿಲ್ಲ.

ಸತ್ಯ ಹೇಳಬೇಕು ಅಂದಾಗ ಅನುಮಾನವನ್ನೂ ಹೇಳಿಕೊಡಬೇಕಾಗುತ್ತದೆ. ಬಾಲದ ಸಂಗತಿ ಬರೆದ ನೂನಿಜ್ ಸ್ವತಃ ಕುದುರೆ ವ್ಯಾಪಾರಿ ಎಂದು ವಿದ್ವಾಂಸರ ಎಣಿಕೆ. ಸಾಳುವ ನರಸಿಂಹ ತೀರಿಕೊಂಡು ನಲವತ್ತು ವರ್ಷ ದಾಟಿದ ಮೇಲೆ ಆತ ಬರೆದದ್ದು. ಸಂತೆಯಲ್ಲಿ ದಲಾಲಿ ‘ಹಿಂದಿನ ಗೌಡರು ಕೇಳಿದಷ್ಟು ಕೊಡ್ತಿದ್ರು’ ಅಂದಂತೆ ಇದೂ ಇರಬಹುದು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಎಂದವನೂ ಆತನೇ. ಅದರಲ್ಲಿ ನಾಡ ಕುದುರೆಗಳೂ ಸೇರಿದ್ದವು. ಮಕ್ಕಳ ಮುಂದೆ ಇದನ್ನಿಟ್ಟಾಗ ಅವರು ಪಂಚಾಯಿತಿ ಕಟ್ಟೆಯ ಹಿರಿಯರಂತೆ ಕೂತು ತೀರ್ಪು ಕೊಟ್ಟರು: ಲೆಕ್ಕ ಹೆಚ್ಚು ಹೇಳಿರಬಹುದು, ಬಾಲ ಮಾತ್ರ ನಿಜ, ಅಂಥದ್ದು ಸುಮ್ಮನೆ ಯಾರಿಗೂ ಹೊಳೆಯುವುದಿಲ್ಲ. ನನಗೂ ಹಾಗೇ ಅನ್ನಿಸುತ್ತದೆ.

ಈ ಚಳಿಗಾಲದಲ್ಲಿ ಹಂಪಿಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ, ಟೀಚರಮ್ಮಗಳಲ್ಲಿ ಒಂದು ಕೋರಿಕೆ. ಕಲ್ಲಿನ ರಥದ ಮುಂದೆ ಫೋಟೋ ಆದ ಮೇಲೆ ಹಜಾರರಾಮನ ಗೋಡೆಗೆ ಬನ್ನಿ. ಕೆಳಗಿನಿಂದ ಎರಡನೇ ಸಾಲು. ಬರುವಾಗ ಜೇಬಿನಲ್ಲಿ ಒಂದು ಹಿಡಿ ಹುರುಳಿ ಇರಲಿ. ಯಾರಾದರೂ ಪ್ರಶ್ನೆ ಕೇಳಿ ನಕ್ಕರೆ, ನಗುವವರನ್ನು ಮೊದಲು ಸುಮ್ಮನಾಗಿಸಿ.