ಪಡಿಯಚ್ಚಿನ ಕಾಡಿಗೆ, ಟಿಪ್ಪಣಿಯ ಶಾಯಿ

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪಗಳನ್ನು ಅರಸುತ್ತ ಮಸ್ಕಿಗೆ ಬಂದು ಅಶೋಕನ ಶಾಸನವನ್ನು ಕಂಡ ಸಂಗತಿ ಶಾಸನಾಧ್ಯಯನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅದುವರೆಗೆ ಬಿರುದಿನ ಮರೆಯಲ್ಲಿ ಉಳಿದಿದ್ದ ಅರಸನ ಹೆಸರು ಅಲ್ಲಿ ಕಲ್ಲಿನ ಮೇಲೆಯೇ ಓದಲು ಸಿಕ್ಕಿತು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಸಂಪಾದಿಸಿ ಪ್ರಕಟಿಸಿದರು. ಹಟ್ಟಿಯ ಚಿನ್ನ, ಮಸ್ಕಿಯ ಅಕ್ಷರ ಎರಡನ್ನೂ ಒಂದೇ ಹುಡುಕಾಟ ಬೆಸೆದ ಈ ಕಥೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಕಲ್ಲಿನಿಂದ ಕಾಗದಕ್ಕೆ ಇಳಿದ ಬರಹ ಯಾವ ಮಸಿಯಲ್ಲಿ ಉಳಿಯುತ್ತದೆ?

ಪಡಿಯಚ್ಚು ತೆಗೆಯುವ ಕ್ರಮ ಸರಳ. ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಸಿ, ಮೇಲೆ ಮಸಿಯುಂಡೆಯನ್ನು ತಟ್ಟಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಆ ಮಸಿ ದೀಪದ ಕಾಡಿಗೆ, ಅಂದರೆ ಇಂಗಾಲ. ಬಿಸಿಲು, ಗಾಳಿ ಅದರ ಬಣ್ಣವನ್ನು ಕೆಡಿಸಲಾರವು. ಆದರೆ ಅದೇ ಹಾಳೆಯ ಬೆನ್ನಿಗೋ ಜೊತೆಯ ಪುಸ್ತಕಕ್ಕೋ ಸಂಶೋಧಕನು ಊರಿನ ಹೆಸರು, ಹೊಲದ ಸರ್ವೆ ನಂಬರು, ಕಲ್ಲು ನಿಂತ ದಿಕ್ಕು, ದಿನಾಂಕ ಇವನ್ನೆಲ್ಲ ಬರೆಯುವುದು ಕೈಗೆ ಸಿಕ್ಕ ಪೆನ್ನಿನಿಂದ. ಕಲ್ಲು ಮುಂದೆ ಯಾರದೋ ಮನೆಯ ಅಡಿಪಾಯಕ್ಕೆ ಹೋಗಬಹುದು. ಆಗ ಅಕ್ಷರ ಉಳಿದು, ಅದು ಯಾವ ನೆಲದ ಅಕ್ಷರವೆಂಬುದು ಅಳಿದರೆ ಆ ಪಡಿಯಚ್ಚು ಅರ್ಧ ಸಾಕ್ಷ್ಯ ಮಾತ್ರ.

ಇತ್ತೀಚೆಗೆ ಕೆಲವು ಯುವ ಸಂಶೋಧಕರಲ್ಲಿ ಹಳೆಯ ಇಂಕುಪೆನ್ನುಗಳನ್ನು ದುರಸ್ತಿ ಮಾಡಿಸಿ, ದಶಕಗಳ ಹಿಂದಿನ ಬ್ಲೂ-ಬ್ಲ್ಯಾಕ್ ಶಾಯಿಯ ಬಾಟಲಿಗಳನ್ನು ಹುಡುಕಿ ತುಂಬಿಸಿ ಬರೆಯುವ ಒಲವು ಕಾಣುತ್ತಿದೆ. ಆ ಒಲವು ಸ್ವಾಗತಾರ್ಹ. ಅದರ ಹಿಂದಿರುವ, ‘ಹಳೆಯ ಶಾಯಿ ಬಾಳಿಕೆಯ ಶಾಯಿ’ ಎಂಬ ನಂಬಿಕೆಯನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾಗದು.

ಕನ್ನಡ ನಾಡಿನ ತಾಳೆಗರಿಗಳಲ್ಲಿ ಬಹುಪಾಲು ಕಂಠದಿಂದ ಕೊರೆದು, ಬಳಿಕ ಮಸಿ ಸವರಿದವು. ಮೂಡುಬಿದಿರೆಯ ಧವಲಾ ಪ್ರತಿಗಳು ಮಸಿಯಿಂದಲೇ ಬರೆದವು ಎಂಬುದು ಅವುಗಳ ವೈಶಿಷ್ಟ್ಯಗಳಲ್ಲೊಂದು. ಕಾಗದ ಬಂದ ಮೇಲೆ ಕಾಡಿಗೆಯ ಮಸಿಯ ಜೊತೆಗೆ ಇನ್ನೊಂದು ಬಗೆಯ ಮಸಿಯೂ ಬಳಕೆಗೆ ಬಂತು. ಅಳಲೆಕಾಯಿ ಅಥವಾ ಮಾಚಿಕಾಯಿಯ ಒಗರಿಗೆ ಅನ್ನಭೇದಿ ಸೇರಿದರೆ ಕಪ್ಪಾಗುವುದನ್ನು ಬಟ್ಟೆಗೆ ಬಣ್ಣ ಹಾಕುವವರೂ ಬಲ್ಲರು. ‘ಶಾಯಿ’ ಎಂಬ ಮಾತೇ ಕಪ್ಪು ಎಂಬರ್ಥದ ಪಾರಸಿ ಪದದಿಂದ ಬಂದದ್ದು. ‘ನೀಲಿ ಶಾಯಿ’ ಎನ್ನುವಾಗ ನಾವು ‘ನೀಲಿ ಕಪ್ಪು’ ಎನ್ನುತ್ತಿದ್ದೇವೆ. ಬ್ಲೂ-ಬ್ಲ್ಯಾಕಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಬ್ಲೂ-ಬ್ಲ್ಯಾಕಿನ ಮರ್ಮವೂ ಆ ಒಗರು ಮತ್ತು ಅನ್ನಭೇದಿಯ ಕೂಟದಲ್ಲೇ ಇದೆ. ಬಾಟಲಿಯಲ್ಲಿರುವಾಗ ಕಬ್ಬಿಣ ಮತ್ತು ಟ್ಯಾನಿನ್‌ಗಳ ಸಂಯುಕ್ತಕ್ಕೆ ಬಣ್ಣ ಬಹಳ ಕಡಿಮೆ. ಬರೆಯುವಾಗ ಅಕ್ಷರ ಕಾಣಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸುತ್ತಾರೆ. ಕಾಗದದ ಎಳೆಗಳೊಳಗೆ ಇಳಿದ ಮೇಲೆ ಗಾಳಿಯ ಆಮ್ಲಜನಕ ತಾಗಿ ಕಬ್ಬಿಣದ ಸಂಯುಕ್ತ ಕಪ್ಪಾಗಿ, ನೀರಿನಲ್ಲಿ ಕರಗದಂತಾಗುತ್ತದೆ. ಇಂದು ನೀಲಿಯಾಗಿ ಬರೆದದ್ದು ಕ್ರಮೇಣ ಕಪ್ಪಾಗುವುದು ಹೀಗೆ. 1832ರಲ್ಲಿ ಲಂಡನ್ನಿನಲ್ಲಿ ಶಾಯಿಯ ಉದ್ಯಮ ಕಟ್ಟಿ ಇಂಥ ನೀಲಿ-ಕಪ್ಪು ಶಾಯಿಯನ್ನು ಜನಪ್ರಿಯಗೊಳಿಸಿದ ಹೆನ್ರಿ ಸ್ಟೀಫನ್ಸ್ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಕವಿ ಕೀಟ್ಸನ ಜೊತೆ ಒಂದೇ ಬಿಡಾರದಲ್ಲಿದ್ದವನು.

ಹಟ್ಟಿಯ ಓದುಗರಿಗೆ ಇಲ್ಲಿ ಇನ್ನೊಂದು ನಂಟು ಕಂಡೀತು. ಕಬ್ಬಿಣ ಬಾಟಲಿಯಲ್ಲಿಯೇ ಗಸಿಯಾಗದಿರಲು ಶಾಯಿಯಲ್ಲಿ ಆಮ್ಲ ಇರಬೇಕು. ಆ ಆಮ್ಲ ಸಾದಾ ಉಕ್ಕಿನ ನಿಬ್ಬನ್ನು ತಿನ್ನುತ್ತದೆ, ಚಿನ್ನವನ್ನು ತಿನ್ನದು. ಇಂಕುಪೆನ್ನಿಗೆ 14 ಕ್ಯಾರೆಟ್ಟಿನ ನಿಬ್ಬು ಬಂದದ್ದು ಶ್ರೀಮಂತಿಕೆಯ ಪ್ರದರ್ಶನಕ್ಕಷ್ಟೇ ಅಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೂ ಹಟ್ಟಿ ನೆಲದಿಂದ ತೆಗೆಯುತ್ತಿರುವ ಲೋಹ ಆಭರಣಕ್ಕೆ ಮಾತ್ರ ಸಲ್ಲುವುದೆಂದು ತಿಳಿದವರು ಅಜ್ಜನ ಕಾಲದ ಪೆನ್ನಿನ ನಿಬ್ಬನ್ನೊಮ್ಮೆ ನೋಡಬೇಕು.

ಈಗ ಹಳೆಯ ಬಾಟಲಿಯ ವಿಷಯ. ಕಬ್ಬಿಣದ ಶಾಯಿಗೆ ಮುಚ್ಚಳ ತೆಗೆದ ದಿನದಿಂದಲೇ ಮುಪ್ಪು ಆರಂಭ. ಕಾಗದದ ಮೇಲೆ ನಡೆಯಬೇಕಾದ ಕ್ರಿಯೆ ಬಾಟಲಿಯಲ್ಲೇ ನಡೆದು, ಕಪ್ಪು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಸೋಸಿ ತುಂಬಿಸಿದರೆ ಪೆನ್ನಿನಿಂದ ಹರಿಯುವುದು ಬಹುಮಟ್ಟಿಗೆ ನೀಲಿ ಬಣ್ಣದ ನೀರು. ಉಳಿಯಬೇಕಾದ ಅಂಶ ಬಾಟಲಿಯ ತಳದಲ್ಲಿ ಉಳಿದಿರುತ್ತದೆ. ಕಲಕಿ ತುಂಬಿಸಿದರೆ ಆ ಗಸಿ ಪೆನ್ನಿನ ನಾಳವನ್ನು ಕಟ್ಟುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಸೀಮೆಯಲ್ಲಿ ನೀರು ಬೇಗ ಆರಿ ಈ ಎರಡೂ ತೊಂದರೆಗಳು ಇಮ್ಮಡಿಸುತ್ತವೆ. ಬೇರೆ ಶಾಯಿಯೊಡನೆ ಬೆರೆಸುವುದಂತೂ ಕೂಡದು. ಹಳೆಯ ಬಾಟಲಿ ಸಂಗ್ರಹಾಲಯದ ವಸ್ತು. ಸಂತೋಷಕ್ಕೆ ನಾಲ್ಕು ಸಾಲು ಬರೆಯಬಹುದು, ಶಾಸನದ ಟಿಪ್ಪಣಿಯನ್ನಲ್ಲ.

ಹೊಸ ಬಾಟಲಿಯ ಹೆಸರನ್ನು ನಂಬಿದರೂ ಮೋಸವಾದೀತು. ಒಂದು ಕಾಲದಲ್ಲಿ ಬ್ಲೂ-ಬ್ಲ್ಯಾಕ್ ಎಂದರೆ ಒಂದು ಗುಣ. ಇಂದು ಅನೇಕ ಕಡೆ ಅದು ಒಂದು ಛಾಯೆಯಷ್ಟೆ. ಲ್ಯಾಮಿ ಕಂಪನಿಯ ಬಾಟಲಿ ಶಾಯಿಯಲ್ಲಿ ಕಬ್ಬಿಣ ಹೋಗಿ ಬರಿಯ ಬಣ್ಣ ಬಂದಾಗ ಹೆಸರು ಬದಲಾಗಲಿಲ್ಲ. ಪೆಲಿಕಾನ್ 4001, ಪ್ಲಾಟಿನಮ್ ಮುಂತಾದವುಗಳ ಬ್ಲೂ-ಬ್ಲ್ಯಾಕ್‌ನಲ್ಲಿ ಕಬ್ಬಿಣ ಇದೆ. ಈಗಿನ ಕ್ವಿಂಕ್‌ನಲ್ಲಿ ಇಲ್ಲ. ಭಾರತೀಯ ಮಾನಕ ಸಂಸ್ಥೆ 0.1 ಪ್ರತಿಶತ ಕಬ್ಬಿಣದ ಇಂಕುಪೆನ್ನಿನ ಶಾಯಿಗೆ 220ನೆಯ ಸಂಖ್ಯೆಯ ಪ್ರತ್ಯೇಕ ಮಾನಕವನ್ನೇ ರೂಪಿಸಿದೆ. ಬಣ್ಣವಲ್ಲ, ಕಬ್ಬಿಣವೇ ಅಲ್ಲಿನ ಲಕ್ಷಣ. ಬರೆದ ಚೂರೊಂದನ್ನು ವಾರ ಬಿಟ್ಟು, ಒಂದು ದಿನ ನೀರಿನಲ್ಲಿ ನೆನೆಸಿದರೆ ಯಾವುದು ಉಳಿಯುತ್ತದೆಂಬುದು ಮನೆಯಲ್ಲೇ ಗೊತ್ತಾಗುತ್ತದೆ.

ಕಬ್ಬಿಣದ ಶಾಯಿ ಕಾಗದವನ್ನೇ ಸುಡುತ್ತದೆ ಎಂಬ ಆಕ್ಷೇಪ ಇದೆ, ಅದು ಸುಳ್ಳಲ್ಲ. ಯುರೋಪಿನ ಹಳೆಯ ಹಸ್ತಪ್ರತಿಗಳಲ್ಲಿ ಅಕ್ಷರದ ಜಾಗದಲ್ಲಿ ತೂತು ಬಿದ್ದ ಪುಟಗಳಿವೆ. ಆದರೆ ಅವು ಗರಿಯ ಲೇಖನಿಯ ಕಾಲದ, ಅನ್ನಭೇದಿ ಮಿತಿಮೀರಿದ ದಪ್ಪ ಮಸಿಗಳು. ಇಂಕುಪೆನ್ನಿನ ಶಾಯಿಯಲ್ಲಿ ಕಬ್ಬಿಣ ಅತ್ಯಲ್ಪ. ಒಳ್ಳೆಯ ಕಾಗದದಲ್ಲಿ, ಒಣ ಹವೆಯಲ್ಲಿ ಆ ಭಯ ದೊಡ್ಡದಲ್ಲ. ಮೇಲಾಗಿ, ಮಾಸಿ ಕಂದಾದ ಕಬ್ಬಿಣದ ಅಕ್ಷರವನ್ನು ನೇರಳಾತೀತ ಬೆಳಕಿನಲ್ಲಿ ಅನೇಕ ವೇಳೆ ಮತ್ತೆ ಓದಬಹುದು. ನೀರಿನಲ್ಲಿ ತೊಳೆದುಹೋದ ಬಣ್ಣದ ಶಾಯಿಗೆ ಆ ಆಸರೆ ಇಲ್ಲವೆನ್ನುವಷ್ಟು ಕಡಿಮೆ. ಈ ಎರಡರ ನಡುವೆ ಸಂಶೋಧಕನ ಆಯ್ಕೆ ಕಬ್ಬಿಣವೇ ಆಗಬೇಕು.

ಹಸ್ತಪ್ರತಿ ಭಂಡಾರಗಳ ಹೊಣೆಯೂ ಇಲ್ಲಿದೆ. ತಾಳೆಗರಿಯ ಉದ್ದಗಲವನ್ನು ಅಂಗುಲದ ಲೆಕ್ಕದಲ್ಲಿ ಕೊಡುವ ಸೂಚಿಗಳು ಇಪ್ಪತ್ತನೆಯ ಶತಮಾನದ ಲೇಖಕರ ಕೈಬರಹಕ್ಕೆ ಬಂದಾಗ ‘ನೀಲಿ ಶಾಯಿ’ ಎಂದು ಮುಗಿಸುವುದು ನ್ಯಾಯವಲ್ಲ. ಕಬ್ಬಿಣದ ಅಯಾನು ತಾಗಿದರೆ ಕೆಂಪೇರುವ ಬಾಥೊಫೆನಾಂತ್ರೊಲಿನ್ ಪಟ್ಟಿಗಳಿವೆ. ಅವಕೆಂಪು ಬೆಳಕಿನ ಛಾಯಾಚಿತ್ರದಲ್ಲಿ ಇಂಗಾಲದ ಮಸಿ ಕಪ್ಪಾಗಿಯೇ ನಿಂತರೆ ಕಬ್ಬಿಣದ ಶಾಯಿ ಮಂಕಾಗುತ್ತದೆ. ಒಂದೇ ಪುಟದ ಮೂಲಪಾಠ ಒಂದು ಶಾಯಿಯಲ್ಲಿ, ತಿದ್ದುಪಡಿ ಇನ್ನೊಂದರಲ್ಲಿ ಇದ್ದರೆ ಪಾಠಾಂತರದ ಕಾಲಕ್ರಮವೇ ಅಲ್ಲಿ ಸಿಕ್ಕೀತು. ಗ್ರಂಥಸಂಪಾದಕನಿಗೆ ಇದಕ್ಕಿಂತ ಬೇರೆ ಸಾಕ್ಷಿ ದೊರೆಯದ ಸಂದರ್ಭಗಳೂ ಉಂಟು.

ಮಸ್ಕಿಯ ಬಯಲಿಗೆ ನಾಳೆ ಹೊರಡುವ ವಿದ್ಯಾರ್ಥಿ ಚಿನ್ನದ ನಿಬ್ಬನ್ನೇ ಒಯ್ಯಬೇಕಾಗಿಲ್ಲ. ತುಕ್ಕು ಹಿಡಿಯದ ಉಕ್ಕಿನ ನಿಬ್ಬು, ಈಚೆಗೆ ತಯಾರಾದ ಕಬ್ಬಿಣದ ಶಾಯಿ, ವಾರಕ್ಕೊಮ್ಮೆ ಪೆನ್ನು ತೊಳೆಯುವ ಅಭ್ಯಾಸ ಇಷ್ಟಿದ್ದರೆ ಸಾಕು. ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಮಾತ್ರ ಶಾಯಿಯ ಜೊತೆಗೆ ಪೆನ್ಸಿಲ್ಲಿನಲ್ಲೂ ಒಮ್ಮೆ ಬರೆದಿಡುವುದು ಲೇಸು. ಅದರ ಗ್ರಾಫೈಟು ಪಡಿಯಚ್ಚಿನ ಕಾಡಿಗೆಯಂತೆಯೇ ಇಂಗಾಲ.