ಚೀಟಿ ಎತ್ತಿದ ಉಡುಗೊರೆಗೆ ಋಣಭಾರವಿಲ್ಲ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ಒಂದು ಗಾಜಿನ ಬಟ್ಟಲು ಮೇಜಿನಿಂದ ಮೇಜಿಗೆ ಸಂಚರಿಸುತ್ತದೆ. ಅದರೊಳಗೆ ಮಡಿಚಿದ ಚೀಟಿಗಳು. ಒಂದೊಂದರಲ್ಲೂ ಒಬ್ಬ ಸಹೋದ್ಯೋಗಿಯ ಹೆಸರು. ಚೀಟಿ ಎತ್ತಿದವರು ಆ ಹೆಸರಿನವರಿಗೆ ನಿಗದಿತ ಬೆಲೆಯೊಳಗೆ ಒಂದು ಉಡುಗೊರೆ ತಂದು, ಕೊಟ್ಟವರು ಯಾರೆಂದು ತಿಳಿಯದಂತೆ ಇಟ್ಟುಬಿಡಬೇಕು. ‘ಸೀಕ್ರೆಟ್ ಸಾಂಟಾ’ ಎಂಬ ಈ ಆಟವನ್ನು ಪರದೇಶದಿಂದ ಬಂದ ಇನ್ನೊಂದು ಹುಚ್ಚು ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನಾನೂ ಆ ಗುಂಪಿನಲ್ಲಿಯೇ ಇದ್ದೆ. 2024ರ ದೀಪಾವಳಿಯಲ್ಲಿ ಬಾಗಲಕೋಟೆ ಜಿಲ್ಲೆಯ ಶಿರೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇಂಥವೇ ಚೀಟಿಗಳು ಒಂದು ಹಿತ್ತಾಳೆಯ ತಂಬಿಗೆಯೊಳಗೆ ಬಿದ್ದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಉಡುಗೊರೆ ಎಂಬುದು ಪ್ರೀತಿಯ ಕುರುಹು ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಸೀಮೆಯ ಮದುವೆಗಳಲ್ಲಿ ಆಯೇರಿಯ ಹೊತ್ತಿಗೆ ಒಬ್ಬರು ಪುಸ್ತಕ ಹಿಡಿದು ಕುಳಿತಿರುವುದನ್ನು ನೋಡಿದವರಿಗೆ ಸತ್ಯ ಬೇರೆಯೇ ಎಂದು ಗೊತ್ತು. ಯಾರು ಸೀರೆ ತಂದರು, ಯಾರು ಖಣ ತಂದರು, ಯಾರು ಎಷ್ಟು ರೊಕ್ಕ ಕೊಟ್ಟರು, ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನಾದರೂ, ಸಾಧ್ಯವಾದರೆ ಒಂದಿಷ್ಟು ಹೆಚ್ಚಾಗಿಯಾದರೂ, ಹಿಂದಿರುಗಿಸಬೇಕು. ಹಳೆಯ ಮೈಸೂರಿನ ಕಡೆಯವರು ಮುಯ್ಯಿ ಎನ್ನುವುದೂ ಇದನ್ನೇ. ಕೊಡಬೇಕು, ಕೊಟ್ಟದ್ದನ್ನು ಸ್ವೀಕರಿಸಬೇಕು, ಪಡೆದದ್ದನ್ನು ತೀರಿಸಬೇಕು ಎಂಬ ಮೂರು ಕಟ್ಟುಪಾಡುಗಳ ಮೇಲೆ ಉಡುಗೊರೆಯ ವ್ಯವಹಾರ ನಿಂತಿದೆ ಎಂದು ಫ್ರಾನ್ಸಿನ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದ. ಆಯೇರಿ ಪುಸ್ತಕವನ್ನು ಬರೆಯುವ ನಮ್ಮ ಊರಿನ ಯಾವ ಹಿರಿಯರಿಗೂ ಅದು ಹೊಸ ಸಂಗತಿಯಲ್ಲ.

ಈ ಲೆಕ್ಕ ಉಳ್ಳವರಿಗೆ ಸಂಭ್ರಮ, ಇಲ್ಲದವರಿಗೆ ಶೂಲ. ನಮ್ಮ ಮನೆಯಲ್ಲಿಯೇ ಅದಕ್ಕೆ ಸಾಕ್ಷಿಯಿತ್ತು. ನನ್ನ ಚಿಕ್ಕ ಕಾಕಾ ಗುಳೇದಗುಡ್ಡದಲ್ಲಿ ಖಣ ನೇಯುವವನು. ಮಗ್ಗದ ಕೂಲಿಯನ್ನೇ ನಂಬಿದ ಸಂಸಾರ. ಮೂರು ವರ್ಷ ಅವನು ದೀಪಾವಳಿಗೆ ಊರಿಗೆ ಬರಲಿಲ್ಲ. ಕೇಳಿದಾಗಲೆಲ್ಲ ಮಗ್ಗದ ಕೆಲಸದ ನೆಪ. ನಿಜವಾದ ಕಾರಣ ಪಾಡ್ಯದ ದಿನದ ಆರತಿ ತಟ್ಟೆ. ಅಕ್ಕತಂಗಿಯರು ಆರತಿ ಎತ್ತಿದಾಗ ನೌಕರಿಯಲ್ಲಿರುವ ಅಣ್ಣಂದಿರು ಇಳಕಲ್ ಸೀರೆ ಇಡುತ್ತಿದ್ದರು, ಮಕ್ಕಳ ಕೈಗೆ ಐನೂರರ ನೋಟು ಕೊಡುತ್ತಿದ್ದರು. ಅವನು ನೇಯ್ದ ಖಣ ಯಾರ ಯಾರದೋ ಉಡಿ ತುಂಬಲು ಹೋಗುತ್ತಿತ್ತು. ತನ್ನವರ ಮುಂದೆ ನಿಲ್ಲಲು ಅವನ ಬಳಿ ಏನೂ ಇರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಮನೆಯ ಹುಡುಗಿಯೊಬ್ಬಳು ತನ್ನ ಕಚೇರಿಯ ಆಟವನ್ನು ಊರಿಗೆ ತಂದಳು. ಈ ಸಲ ಯಾರೂ ಎಲ್ಲರಿಗೂ ಕೊಡುವುದು ಬೇಡ. 17 ಜನರಿದ್ದೇವೆ, ಒಬ್ಬೊಬ್ಬರೂ ಒಬ್ಬರಿಗಷ್ಟೇ ಕೊಡೋಣ ಎಂದಳು. ದಸರೆಗೆ ಕೂಡಿದಾಗಲೇ ಚೀಟಿ ಎತ್ತಿ, ದೀಪಾವಳಿಗೆ ಉಡುಗೊರೆ ತರುವುದೆಂದಾಯಿತು. ಮಿತಿಯ ಪ್ರಶ್ನೆ ಬಂದಾಗ ಸಂಬಳದವರೆಲ್ಲ ಐನೂರು ರೂಪಾಯಿ ಎಂದು ಸಹಜವಾಗಿಯೇ ಹೇಳಿದರು. “ಕಡಿಮಿ ದುಡಿಯಾವ್ರನ್ನ ಕೇಳಿ ಇಡ್ರಿ” ಎಂದವಳು ದೊಡ್ಡವ್ವ. ಆದರೆ ಹತ್ತು ಜನರ ಎದುರು ಹಾಗೆ ಕೇಳುವುದೇ ಒಂದು ಅವಮಾನವಲ್ಲವೇ? ಕೊನೆಗೆ ಎಲ್ಲರೂ ತಮ್ಮ ಕೈಲಾದ ಮೊತ್ತವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕುವುದು, ಅವುಗಳಲ್ಲಿ ಅತಿ ಕಡಿಮೆಯದನ್ನೇ ಮಿತಿಯೆಂದು ಒಪ್ಪುವುದು ಎಂದು ತೀರ್ಮಾನವಾಯಿತು. ಬಂದದ್ದು 150 ರೂಪಾಯಿ. ಕಚೇರಿಗಳ ಬಟ್ಟಲಿನಲ್ಲಿ ನಾನು ಈವರೆಗೆ ಕಾಣದ ವಿವೇಕ ಇದು.

ಮೊದಲ ಸುತ್ತು ಕೆಟ್ಟಿತು. ಇಬ್ಬರಿಗೆ ಅವರವರದೇ ಹೆಸರು ಬಂತು. ಅಪಶಕುನವೆಂದು ಗೊಣಗಿದವರೂ ಇದ್ದರು. ಅದು ಶಕುನವಲ್ಲ, ಗಣಿತ. 1708ರಲ್ಲಿ ಮೊಂಮೋರ್ ಎಂಬ ಫ್ರೆಂಚ್ ಗಣಿತಜ್ಞ ಜೂಜಿನಾಟದ ಕುರಿತ ತನ್ನ ಪುಸ್ತಕದಲ್ಲಿ ಎತ್ತಿದ ಪ್ರಶ್ನೆಗೂ ಇದಕ್ಕೂ ಭೇದವಿಲ್ಲ. ಹತ್ತು ಜನರಿರಲಿ, ನೂರು ಜನರಿರಲಿ, ಒಬ್ಬರಿಗಾದರೂ ತಮ್ಮದೇ ಚೀಟಿ ಬರುವ ಸಂಭವ ನೂರಕ್ಕೆ ಸುಮಾರು 63. ಹಾಗೆ ಬಂದಾಗ ಆ ಒಬ್ಬರು ಪಕ್ಕದವರೊಡನೆ ಚೀಟಿ ಬದಲಿಸಿಕೊಂಡರೆ ಗುಟ್ಟು ರಟ್ಟಾಗುತ್ತದೆ. ಎಲ್ಲ ಚೀಟಿಗಳನ್ನೂ ಮರಳಿ ತಂಬಿಗೆಗೆ ಹಾಕುವುದೇ ದಾರಿ. ಮೂರನೆಯ ಸುತ್ತಿಗೆ ನಮ್ಮದು ಸರಿಹೋಯಿತು.

ಆ ದೀಪಾವಳಿಗೆ ಕಾಕಾ ಬಂದ. ಅಮೀನಗಡದ ಕರದಂಟಿನ ಪೊಟ್ಟಣ, ಸ್ಟೀಲಿನ ಡಬ್ಬಿ, ಹುಡುಗರಿಗೆ ಪೆನ್ನು, ಇಷ್ಟೇ ಆ ದಿನದ ಉಡುಗೊರೆಗಳು. ನಡುವೆ ಒಂದು ಖಣವೂ ಇತ್ತು. ಅದನ್ನು ಇಟ್ಟವರಾರೆಂಬ ಗುಟ್ಟು ಒಂದು ಕ್ಷಣವೂ ಉಳಿಯಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಸ್ವಂತ ಕೈಯ ನೇಯ್ಗೆ 150 ರೂಪಾಯಿಯ ಮಿತಿಯೊಳಗಿದೆಯೇ ಎಂಬ ತಕರಾರನ್ನು ಯಾರೂ ಎತ್ತಲಿಲ್ಲ.

ದೊಡ್ಡವ್ವನ ಆಕ್ಷೇಪವನ್ನೂ ಇಲ್ಲಿ ದಾಖಲಿಸುವುದು ನ್ಯಾಯ. “ಚೀಟಿ ನೋಡಿ ಕೊಡೂದು ಎಂಥಾ ಪ್ರೀತಿನs?” ಎಂದು ಅವಳು ಕೊನೆಯವರೆಗೂ ಕೇಳುತ್ತಲೇ ಇದ್ದಳು. ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ತಂಗಿಯ ಆರತಿಗೆ ಅಣ್ಣ ಕೊಡುವುದನ್ನು ತಂಬಿಗೆಯ ಪಾಲಿಗೆ ಬಿಡಲಾಗದು. ನಾವೂ ಬಿಡಲಿಲ್ಲ, ಎಲ್ಲರೂ ತಟ್ಟೆಗೆ ಹನ್ನೊಂದು ರೂಪಾಯಿ ಹಾಕಿದೆವು. ಕೊಡುವವರಿಗಿಂತ ಪಡೆಯುವವರು ಉಡುಗೊರೆಗೆ ಕಡಿಮೆ ಬೆಲೆ ಕಟ್ಟುತ್ತಾರೆ, ಹೀಗಾಗಿ ಹಬ್ಬದ ಖರ್ಚಿನಲ್ಲಿ ಹತ್ತನೆಯ ಒಂದರಿಂದ ಮೂರನೆಯ ಒಂದು ಪಾಲು ವ್ಯರ್ಥ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ವಾದಿಸಿದ್ದುಂಟು. ದೊಡ್ಡವ್ವನ ಪ್ರಶ್ನೆಯ ಮುಂದೆ ಆ ವಾದ ನನಗೆ ಸಣ್ಣದಾಗಿ ಕಾಣುತ್ತದೆ.

ಸಮಾನವಾಗಿ ಕೊಡುವ ಕಲೆ ನಮಗೆ ಹೊಸದೇನಲ್ಲ. ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನೇ ಬಂಗಾರವೆಂದು ಕೊಟ್ಟು, ಬಂಗಾರದಂತೆ ಇರೋಣ ಎನ್ನುವ ಪದ್ಧತಿಗಿಂತ ಜಾಣತನದ್ದು ಯಾವುದಿದೆ? ಗಿಡದ ಎಲೆಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ಸಂಕ್ರಾಂತಿಯ ಕುಸುರೆಳ್ಳೂ ಹಾಗೆಯೇ. ಆದರೆ ಬನ್ನಿ ಹಿಡಿದು ಯಾರ ಮನೆಗೆ ಹೋಗಬೇಕು, ಯಾವ ಓಣಿಗೆ ಕಾಲಿಡಬಾರದು ಎಂಬುದನ್ನು ರೂಢಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಎಲೆ ಸಮಾನ, ದಾರಿ ಸಮಾನವಲ್ಲ. ಚೀಟಿಗೆ ಓಣಿಗಳ ಪರಿಚಯವಿಲ್ಲ. ಅದರ ಬಲ ಇರುವುದೇ ಅಲ್ಲಿ.

ಹಾಗೆಂದು ಚೀಟಿಯನ್ನು ಕಣ್ಣು ಮುಚ್ಚಿ ನಂಬುವುದೂ ಸಲ್ಲದು. ಚುನಾವಣೆಯಲ್ಲಿ ಮತಗಳು ಸಮವಾದಾಗ ಅದೃಷ್ಟದ ಚೀಟಿ ಎತ್ತುವುದಕ್ಕೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಭಿಶಿ ನಡೆಸುವ ನಮ್ಮ ಹೆಣ್ಣುಮಕ್ಕಳಿಗೂ ಚೀಟಿ ನಿತ್ಯದ ಮಾತು. ಇನ್ನೂ ಹಿಂದೆ ಹೋದರೆ, ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಹತ್ತನೆಯ ಶತಮಾನದ ಶಾಸನಗಳಿವೆ. ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸಲು ಹೆಸರು ಬರೆದ ಓಲೆಗಳನ್ನು ಕೊಡದೊಳಗೆ ಹಾಕಿ, ಒಬ್ಬ ಬಾಲಕನ ಕೈಯಿಂದ ಎತ್ತಿಸುತ್ತಿದ್ದರಂತೆ. ಮೆಚ್ಚತಕ್ಕ ನಿಷ್ಪಕ್ಷಪಾತ. ಆದರೆ ಆ ಕೊಡದೊಳಗೆ ಹೆಸರು ಬೀಳಬೇಕಾದರೆ ತೆರಿಗೆ ತೆರುವ ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಮನೆ ಇರಬೇಕು, ವೇದಾಧ್ಯಯನವಾಗಿರಬೇಕು. ಬಾಲಕನ ಕೈ ಭೇದವೆಣಿಸಲಿಲ್ಲ. ಭೇದವೆಲ್ಲ ಕೊಡ ತುಂಬುವಾಗಲೇ ಮುಗಿದಿತ್ತು.

ನಮ್ಮ ಕಚೇರಿಗಳ ಗಾಜಿನ ಬಟ್ಟಲಿನ ಕಥೆಯೂ ಇದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನೆಲ ಒರೆಸುವ ಹೆಂಗಸು, ಬಾಗಿಲಲ್ಲಿ ಹನ್ನೆರಡು ತಾಸು ನಿಲ್ಲುವ ಕಾವಲುಗಾರ, ಚಹಾ ತರುವ ಹುಡುಗ, ಇವರು ಗುತ್ತಿಗೆದಾರನ ಪಟ್ಟಿಯವರು. ಬಟ್ಟಲಿನಲ್ಲಿ ಇವರ ಚೀಟಿ ಇರುವುದು ಅಪರೂಪ. ಹಬ್ಬ ಮುಗಿದ ಮೇಲೆ ಉಡುಗೊರೆಗಳ ಬಣ್ಣದ ಕಾಗದವನ್ನು ಗುಡಿಸುವವರು ಮಾತ್ರ ಇವರೇ. ಅವರಿಗೆ ಮೇಲಿನಿಂದ ಒಂದು ಸಿಹಿ ಪೊಟ್ಟಣ ಹಂಚಿದರಾಯಿತಲ್ಲ ಎನ್ನಬಹುದು. ಅದು ದಾನ, ವಿನಿಮಯವಲ್ಲ. ಕಾಕಾನಿಗೂ ಅಣ್ಣಂದಿರು ಬಟ್ಟೆಬರೆ ಕಳಿಸುತ್ತಲೇ ಇದ್ದರು. ಅವನು ಊರಿಗೆ ಬಂದದ್ದು ಕೊಡುವ ಸರದಿ ತನಗೂ ಬಂದಾಗ.

ಆದ್ದರಿಂದ ಈ ಡಿಸೆಂಬರಿನಲ್ಲಿ ಬಟ್ಟಲನ್ನು ಸಿದ್ಧಪಡಿಸುವವರು ಎರಡು ಬದಲಾವಣೆಗಳನ್ನು ಮಾಡಬಹುದು. ಒಂದು ಕಟ್ಟಡದಲ್ಲಿ ದುಡಿಯುವ, ಒಪ್ಪಿಗೆಯಿರುವ ಎಲ್ಲರ ಹೆಸರನ್ನೂ, ಯಾರ ಪಟ್ಟಿಯವರೆಂದು ನೋಡದೆ, ಅದರೊಳಗೆ ಹಾಕುವುದು. ಬೆಲೆಯ ಮಿತಿಯನ್ನು ಹೆಸರಿಲ್ಲದ ಚೀಟಿಗಳಿಂದ, ಕೆಳಗಿನಿಂದ ಎಣಿಸುವುದು. ಮೇಲಧಿಕಾರಿಗೆ ಐವತ್ತು ರೂಪಾಯಿಯ ಉಡುಗೊರೆ ಬಂದರೆ ಯಾರಿಗೂ ನಷ್ಟವಿಲ್ಲ. ಶಿರೂರಿನಲ್ಲಿ 2025ರ ದಸರೆಗೆ ಮತ್ತೆ ಚೀಟಿ ಬರೆದಾಗ ಅತಿ ಕಡಿಮೆಯ ಮೊತ್ತ 100 ರೂಪಾಯಿಗೆ ಇಳಿದಿತ್ತು. ಆ ದೀಪಾವಳಿಗೆ ಕೂಡಿದವರು 17 ಅಲ್ಲ, 21.