ಮನೆಯ ಲೆಕ್ಕ: ಫೋನ್ ಬಿಲ್ಲಿನ ರಿಯಾಯಿತಿ ಯಾರಿಗುಂಟು, ಯಾರಿಗಿಲ್ಲ?



ಹಾಲು, ದಿನಸಿ, ಗ್ಯಾಸು, ಮಕ್ಕಳ ಫೀಸು ಎಂದು ತಿಂಗಳ ಮೊದಲ ವಾರ ಲೆಕ್ಕ ಬರೆಯಲು ಕುಳಿತರೆ ಈಗ ಇನ್ನೊಂದು ಸಾಲು ತಪ್ಪದೆ ಸೇರಿಕೊಳ್ಳುತ್ತದೆ. ಅದೇ ಫೋನು. ಯಜಮಾನರದೊಂದು, ನಿಮ್ಮದೊಂದು, ಅತ್ತೆಯವರದೊಂದು, ಮಕ್ಕಳ ಪಾಠಕ್ಕೆಂದು ಹಾಕಿಸಿದ ಇಂಟರ್ನೆಟ್ ಬೇರೆ. ಒಂದೊಂದಾಗಿ ನೋಡಿದರೆ ಸಣ್ಣ ಮೊತ್ತ. ಕೂಡಿಸಿ ನೋಡಿದಾಗ ಎದೆ ಧಸಕ್ಕೆನ್ನುತ್ತದೆ.

ಕೊಡಗಿನ ಸೋದರಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: "ನಮ್ಮ ಯಜಮಾನರು ಮಿಲಿಟರಿಯಲ್ಲಿದ್ದಾರೆ. ಮಿಲಿಟರಿಯವರಿಗೂ ಸರ್ಕಾರಿ ನೌಕರರಿಗೂ ಫೋನಿನಲ್ಲಿ ರಿಯಾಯಿತಿ ಉಂಟು ಅಂತಾರೆ. ಅಂಗಡಿಯಲ್ಲಿ ಕೇಳಿದರೆ ಇಲ್ಲ ಅಂತಾರೆ. ಯಾವುದು ನಿಜ?"

ಎರಡೂ ನಿಜವೇ! ಹೇಗೆ ಅಂತ ಹೇಳ್ತೀನಿ.

ಪ್ರಿಪೇಯ್ಡ್ ಬೇರೆ, ಬಿಲ್ಲಿನ ಫೋನು ಬೇರೆ

ಅಮೆರಿಕದಲ್ಲಿ ವೆರೈಜನ್, ಟಿ-ಮೊಬೈಲ್‌ನಂಥ ಕಂಪನಿಗಳು ಸೈನಿಕರಿಗೂ ಮಾಜಿ ಸೈನಿಕರಿಗೂ ಕಡಿಮೆ ದರದ ಪ್ಲಾನುಗಳನ್ನೇ ಇಟ್ಟಿವೆ. ಅಲ್ಲಿರುವ ನೆಂಟರಿಷ್ಟರು ಹೇಳಿದ್ದು ಕೇಳಿ ನಮ್ಮಲ್ಲೂ ಹಾಗೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ನಮ್ಮಲ್ಲಿ ಹೆಚ್ಚಿನವರು ಬಳಸುವುದು ಮೊದಲೇ ದುಡ್ಡು ಕಟ್ಟುವ ಪ್ರಿಪೇಯ್ಡ್. ಅಂಗಡಿಯಲ್ಲಿ ಮಾಡಿಸುವ ಆ ರೀಚಾರ್ಜಿಗೆ ಸಾಮಾನ್ಯವಾಗಿ ಸೈನಿಕರಿಗೂ ಒಂದೇ ಬೆಲೆ, ಸೊಪ್ಪು ಮಾರುವವರಿಗೂ ಒಂದೇ ಬೆಲೆ. ಆದ್ದರಿಂದ ಅಂಗಡಿಯವರು ಹೇಳಿದ್ದು ಸುಳ್ಳಲ್ಲ.

ರಿಯಾಯಿತಿ ಇರುವುದು ಬೇರೆ ಕಡೆ. ಬಿ.ಎಸ್.ಎನ್.ಎಲ್. ಸಂಸ್ಥೆಯು ಹಾಲಿ ಮತ್ತು ನಿವೃತ್ತ ಸರ್ಕಾರಿ ನೌಕರರಿಗೆ ಮನೆಯ ಫೋನು ಮತ್ತು ಬ್ರಾಡ್‌ಬ್ಯಾಂಡಿನ ಬಾಡಿಗೆಯಲ್ಲಿ ಶೇಕಡಾ ಇಷ್ಟು ಎಂದು ಬಿಡುತ್ತಾ ಬಂದಿದೆ. ಪ್ರಮಾಣವನ್ನು ಆಗಾಗ ಬದಲಾಯಿಸುತ್ತಾರೆ. ಅರ್ಜಿ ಕೊಡುವ ದಿನವೇ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ನೌಕರಿಯಲ್ಲಿದ್ದವರು ಗುರುತಿನ ಚೀಟಿಯ ನಕಲು, ನಿವೃತ್ತರು ಪಿಂಚಣಿ ಆದೇಶದ ನಕಲು ಒಯ್ಯಬೇಕು. ಬಾಯಿಬಿಟ್ಟು ಕೇಳದೆ, ಅರ್ಜಿ ಕೊಡದೆ ಯಾರೂ ತಾವಾಗಿ ಬಿಲ್ಲು ಇಳಿಸುವುದಿಲ್ಲ, ನೆನಪಿರಲಿ.

ಲಾಭವೆಷ್ಟು? ಉದಾಹರಣೆಗೆ ತಿಂಗಳ ಬಾಡಿಗೆ 500 ರೂಪಾಯಿ, ರಿಯಾಯಿತಿ ಶೇಕಡಾ 10 ಎಂದಿಟ್ಟುಕೊಳ್ಳಿ. ಬಾಡಿಗೆಯಲ್ಲಿ 50 ರೂಪಾಯಿ, ಅದರ ಮೇಲಿನ ಶೇಕಡಾ 18 ತೆರಿಗೆಯಲ್ಲಿ 9 ರೂಪಾಯಿ, ಒಟ್ಟು 59 ಉಳಿಯಿತು. ವರ್ಷಕ್ಕೆ 708 ರೂಪಾಯಿ. ಮಗಳ ಶಾಲೆಯ ಚೀಲ, ನೋಟುಪುಸ್ತಕಕ್ಕೆ ಆಯಿತಲ್ಲ!

ಗಡಿಯ ಮೇಲಿನ ಫೋನು

ಮೊಬೈಲ್ ಗೋಪುರಗಳೇ ಇಲ್ಲದ ಹಿಮದ ಪ್ರದೇಶಗಳಲ್ಲಿರುವ ಸೈನಿಕರು ಉಪಗ್ರಹದ ಫೋನಿನಲ್ಲಿ ಮನೆಗೆ ಮಾತಾಡುತ್ತಾರೆ. ಮೊದಲು ಅದಕ್ಕೆ ನಿಮಿಷಕ್ಕೆ 5 ರೂಪಾಯಿ, ಮೇಲೆ ತಿಂಗಳಿಗೆ 500 ರೂಪಾಯಿ ಶುಲ್ಕವಿತ್ತು. 2017ರ ದೀಪಾವಳಿಗೆ ಕೇಂದ್ರ ಸರ್ಕಾರ ನಿಮಿಷದ ದರವನ್ನು 1 ರೂಪಾಯಿಗೆ ಇಳಿಸಿ ತಿಂಗಳ ಶುಲ್ಕವನ್ನು ತೆಗೆದುಹಾಕಿತು. ಹತ್ತು ನಿಮಿಷ ಮಾತಾಡಿದರೆ 50 ರೂಪಾಯಿ ಆಗುತ್ತಿದ್ದುದು 10 ಆಯಿತು. "ಊಟ ಆಯ್ತಾ? ಮಗು ಮಲಗಿತಾ?" ಎಂದು ಕೇಳಿ ಮುಗಿಸುವಷ್ಟರಲ್ಲಿ ಗಡಿಯಾರ ನೋಡಬೇಕಾಗಿದ್ದವರಿಗೆ ಇದು ದೊಡ್ಡ ಉಪಕಾರ. ನನ್ನ ಕೇಳಿದರೆ ಫೋನಿನ ರಿಯಾಯಿತಿಗಳಲ್ಲೆಲ್ಲ ಇದೇ ಮೇಲು.

ಅತ್ತೆಯವರ ಫೋನಿಗೆ

ಸರ್ಕಾರಿ ನೌಕರಿ ಇಲ್ಲದ ಮನೆಯವರು ಬೇಸರಪಡಬೇಡಿ. ಬಟನ್ ಒತ್ತುವ ಫೋನಿನಲ್ಲಿ ಬರೀ ಮಾತಾಡುವ ಹಿರಿಯರಿಗೆ ಇಂಟರ್ನೆಟ್ ಸೇರಿದ ದುಬಾರಿ ರೀಚಾರ್ಜ್ ಯಾಕೆ? ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜನ್ನು ಎಲ್ಲ ಕಂಪನಿಗಳೂ ಕೊಡಲೇಬೇಕು ಎಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿದೆ. ಅಂಗಡಿಯವರು ಹೇಳದಿದ್ದರೆ ನೀವೇ ಕೇಳಿ: "ನೆಟ್ ಬೇಡ, ಬರೀ ಮಾತಾಡೋದು ಹಾಕಿ."

ನಂಬರು ಯಾರ ಹೆಸರಿನಲ್ಲಿದೆ?

ಇನ್ನು ದುಡ್ಡಿಗಿಂತ ದೊಡ್ಡ ಮಾತು. ದಯವಿಟ್ಟು ಇದನ್ನು ಎರಡು ಸಲ ಓದಿ.

ಇಲಾಖೆಯಿಂದ ಕೊಟ್ಟ ಸಿಮ್ ಆಗಿದ್ದರೆ ಆ ನಂಬರು ಇಲಾಖೆಯದು, ನಿಮ್ಮದಲ್ಲ. ನಿವೃತ್ತಿಯಾದಾಗ ಅದನ್ನು ಹಿಂದಿರುಗಿಸಬೇಕಾಗಿ ಬರಬಹುದು. ಬ್ಯಾಂಕಿಗೆ, ಆಧಾರಿಗೆ, ಗ್ಯಾಸಿಗೆ ಅದೇ ನಂಬರು ಕೊಟ್ಟಿದ್ದರೆ ಓ.ಟಿ.ಪಿ. ಬರದೆ ಒದ್ದಾಡಬೇಕು. ಸಂಸಾರದ ವ್ಯವಹಾರಕ್ಕೆ ಸ್ವಂತ ನಂಬರೇ ಇರಲಿ.

ಇನ್ನೊಂದು. ಎಷ್ಟೋ ಮನೆಗಳಲ್ಲಿ ಹೆಂಡತಿಯ ಕೈಯಲ್ಲಿರುವ ಫೋನು ಕೂಡ ಗಂಡನ ಹೆಸರಿನಲ್ಲೇ ಇರುತ್ತದೆ. ಅಶುಭ ಎಂದು ಮಾತು ತಳ್ಳಿಬಿಡಬೇಡಿ. ಸೈನಿಕರ ಪಿಂಚಣಿ ಈಗ ಸ್ಪರ್ಶ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ಅದಕ್ಕೆ ಓ.ಟಿ.ಪಿ. ಬರುವುದು ನೋಂದಾಯಿಸಿದ ಮೊಬೈಲಿಗೆ. ಯಜಮಾನರು ತೀರಿಕೊಂಡ ದುಃಖದಲ್ಲಿ ಅವರ ಫೋನಿಗೆ ರೀಚಾರ್ಜ್ ಮಾಡಿಸುವ ನೆನಪು ಯಾರಿಗಿರುತ್ತದೆ? 90 ದಿನ ಬಳಸದೇ ಬಿಟ್ಟರೆ ನಂಬರು ನಿಂತುಹೋಗಬಹುದು, ಮುಂದೆ ಬೇರೆ ಯಾರಿಗೋ ಸೇರಬಹುದು. ಆಗ ಕುಟುಂಬ ಪಿಂಚಣಿಯ ಕೆಲಸಕ್ಕೆ ಆ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅಂಥ ಸಮಯದಲ್ಲಿ ನಂಬರನ್ನು ಬಿಡದೆ ಚಾಲ್ತಿಯಲ್ಲಿಡಿ. ಮರಣ ಪತ್ರ, ಸಂಬಂಧದ ದಾಖಲೆ ಹಾಗೂ ನಿಮ್ಮ ಗುರುತಿನ ಚೀಟಿ ಹಿಡಿದು ಕಂಪನಿಯ ಕೇಂದ್ರದಲ್ಲಿ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಯಜಮಾನರು ರಜೆಗೆ ಬಂದಾಗಲೇ ಜೊತೆಗೆ ಹೋಗಿ ನಿಮ್ಮ ಸಿಮ್ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು.

ಅಗ್ಗದ ಆಸೆಗೆ ಬೀಳಬೇಡಿ

"ನಾನು ಆರ್ಮಿಯವನು, ವರ್ಗ ಆಗಿದೆ, ಕ್ಯಾಂಟೀನ್ ಬೆಲೆಯ ಫೋನು ಅರ್ಧ ದುಡ್ಡಿಗೆ ಕೊಡ್ತೀನಿ" ಎಂದು ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಕಳಿಸಿ ಮುಂಗಡ ಕೇಳುವ ಮೋಸಗಾರರಿದ್ದಾರೆ. ಮಿಲಿಟರಿ ಕ್ಯಾಂಟೀನಿನ ಸಾಮಾನು ಕಾರ್ಡು ಇದ್ದವರ ಮನೆ ಬಳಕೆಗೆ, ಹೊರಗೆ ಮಾರುವುದಕ್ಕಲ್ಲ. ಸಮವಸ್ತ್ರ ಕಂಡರೆ ನಮಗೆ ಗೌರವ ಹುಟ್ಟುತ್ತದಲ್ಲ, ಅದನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ. ಹಾಗೆಯೇ, ರಿಯಾಯಿತಿಯ ಹಣ ನಿಮ್ಮ ಖಾತೆಗೆ ಬರಬೇಕಾದರೆ ಪಿನ್ ಒತ್ತಿ ಎಂದರೆ ಕೂಡಲೇ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಮೋಸ ಆಗಿಹೋದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ದೂರ ಹೋಗುತ್ತದೆ.

ಕೊಡಗಿನ ಸೋದರಿಗೆ ನನ್ನ ಸಲಹೆ ಇಷ್ಟು: ಮನೆಗೆ ಬ್ರಾಡ್‌ಬ್ಯಾಂಡ್ ಇದ್ದರೆ ಯಜಮಾನರ ದಾಖಲೆಯೊಂದಿಗೆ ಬಿ.ಎಸ್.ಎನ್.ಎಲ್. ಕಚೇರಿಯಲ್ಲಿ ವಿಚಾರಿಸಿ. ಅವರು ಮುಂದಿನ ಸಲ ರಜೆಗೆ ಬಂದಾಗ ನಂಬರಿನ ಕೆಲಸವನ್ನು ಮೊದಲ ವಾರದಲ್ಲೇ ಮುಗಿಸಿ. ನೆಂಟರ ಮನೆಯ ಓಡಾಟ ಶುರುವಾದರೆ ಅದು ಮರೆತೇಹೋಗುತ್ತದೆ!

ಉಳಿದ ಸೋದರಿಯರು ಈ ಹದಿನೈದು ದಿನದಲ್ಲಿ ಮನೆಯ ಎಲ್ಲ ಫೋನುಗಳ ಪಟ್ಟಿ ಮಾಡಿ: ನಂಬರು, ಯಾರ ಹೆಸರು, ತಿಂಗಳ ಖರ್ಚು, ಯಾವ ಬ್ಯಾಂಕಿಗೆ ಜೋಡಿಸಿದೆ. ಆ ಹಾಳೆ ರೇಷನ್ ಕಾರ್ಡಿನ ಜೊತೆಯಲ್ಲಿರಲಿ.